ಮೊದಲ ಸ್ವಂತ ಹಾಡು ಬರೆದು ರೆಕಾರ್ಡ್ ಮಾಡುವುದು: ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ಓದುತ್ತಲೋ ಕೆಲಸಕ್ಕೆ ಹೋಗುತ್ತಲೋ ಮೊದಲ ಸಲ ಸ್ವಂತ ಹಾಡು ಕಟ್ಟಲು ಹೊರಟವರಿಗೆ ಇದು. ಬರೀ ಕವರ್ (ಬೇರೆಯವರ ಹಾಡು) ಹಾಡುವವರಿಗೆ ಇಲ್ಲಿನ ಅರ್ಧ ವಿಷಯ ಬೇಕಾಗುವುದಿಲ್ಲ. ಓದುವ ಮುಂಚೆ ಒಂದು ಮಾತು: ಹಾಡಿನಲ್ಲಿ ತಪ್ಪು ಕೇಳಿಸುವ ಜಾಗ ಒಂದು, ತಪ್ಪು ಹುಟ್ಟಿದ ಜಾಗ ಇನ್ನೊಂದು. ಮಿಕ್ಸಿಂಗಿಗೆ (ದನಿ, ವಾದ್ಯಗಳನ್ನು ಹದವಾಗಿ ಸೇರಿಸುವ ಕೆಲಸಕ್ಕೆ) ಕೂತಾಗ ‘ಪದ ತಿಳೀತಾ ಇಲ್ಲ’ ಎಂದರೆ ಕಾರಣ ಹೆಚ್ಚಾಗಿ ಸಾಲು ಬರೆದ ದಿನದಲ್ಲೋ, ಹಾಡಿದ ಕೋಣೆಯಲ್ಲೋ ಇರುತ್ತದೆ. ಕೆಳಗಿನ ಉತ್ತರಗಳಲ್ಲಿ ಬರವಣಿಗೆಗೆ ಮತ್ತು ಕೋಣೆಗೆ ಜಾಗ ಹೆಚ್ಚು, ಮಿಕ್ಸಿಂಗಿಗೆ ಕಡಿಮೆ ಇರುವುದು ಅದಕ್ಕೇ.

ಮೊದಲು ಸಾಹಿತ್ಯ ಬರೀಬೇಕಾ, ಟ್ಯೂನ್ ಹಾಕಬೇಕಾ?

ಎರಡೂ ನಡೆಯುತ್ತದೆ. ಸಿನಿಮಾದಲ್ಲಿ ಟ್ಯೂನ್ ಮೊದಲು ಬಂದು ಅದಕ್ಕೆ ಪದ ಕೂರಿಸುವುದೇ ಹೆಚ್ಚು. ಕೈ ಪಳಗಿದವರಿಗೆ ಅದು ಸಲೀಸು. ಹೊಸಬರು ಹಾಗೆ ಮಾಡಿದರೆ ಟ್ಯೂನಿನ ಸಂದುಗಳಿಗೆಲ್ಲ ‘ಓ ನನ್ನ’, ‘ಈ ಮನ’, ‘ಎಂದೆಂದೂ’ ತುರುಕುತ್ತಾರೆ. ಇನ್ನು ಪೂರ್ತಿ ಕವಿತೆ ಬರೆದಿಟ್ಟು ಆಮೇಲೆ ಟ್ಯೂನ್ ಹುಡುಕಿದರೆ ಒಂದೊಂದು ಚರಣ ಒಂದೊಂದು ಅಳತೆಗೆ ನಿಂತಿರುತ್ತದೆ.

ಮೊದಲ ಹಾಡಿಗೆ ನಾವು ಹೇಳುವ ದಾರಿ: ಪಲ್ಲವಿಯ ಎರಡು ಸಾಲನ್ನು ಮಾತ್ರ ಪದ, ಟ್ಯೂನ್ ಎರಡೂ ಸೇರಿಸಿ ಕಟ್ಟಿ. ತೊಡೆಯ ಮೇಲೆ ತಾಳ ತಟ್ಟುತ್ತ, ಸಾಲನ್ನು ಬರೀ ಮಾತಿನಂತೆ ಹತ್ತು ಸಲ ಹೇಳಿ. ಹೇಳುವಾಗ ದನಿ ತಾನಾಗಿ ಏರುವ ಕಡೆ ಟ್ಯೂನೂ ಏರಲಿ. ಆ ಎರಡು ಸಾಲು ಗಟ್ಟಿಯಾದ ಮೇಲೆ ಅದೇ ಅಳತೆಯಲ್ಲಿ ಉಳಿದದ್ದು ಬರೆಯಿರಿ. ಹೊಳೆದಿದ್ದನ್ನೆಲ್ಲ ಫೋನಿನ ವಾಯ್ಸ್ ರೆಕಾರ್ಡರಿಗೆ ಹಾಡಿ, ಫೈಲಿಗೆ ತಾರೀಕು ಹಾಕಿಡಿ. ಬೆಳಗ್ಗೆಗೆ ಟ್ಯೂನ್ ಮರೆತುಹೋಗಿರುತ್ತದೆ, ಪದ ಮಾತ್ರ ಉಳಿದಿರುತ್ತದೆ.

ಸಾಲು ಬೀಟಿಗೆ ಕೂರುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ಅಕ್ಷರ ಎಣಿಸುತ್ತಿದ್ದೀರಿ. ಎಣಿಸಬೇಕಾದ್ದು ಮಾತ್ರೆ. ಹೈಸ್ಕೂಲಿನ ಛಂದಸ್ಸಿನ ಪಾಠ ಕೆಲಸಕ್ಕೆ ಬರುವುದು ಇಲ್ಲೇ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಅನುಸ್ವಾರ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ಒಂದು ಉದಾಹರಣೆ:

ಕೆರೆಯಲಿ ನೀರಿಲ್ಲ
ಮೋಡಕೆ ಮಾತಿಲ್ಲ

ಕೆ-ರೆ-ಯ-ಲಿ ನಾಲ್ಕು, ನೀ-ರಿಲ್ ನಾಲ್ಕು, ಕೊನೆಯ ‘ಲ’ ಒಂದು. ಎರಡನೇ ಸಾಲೂ ಅಷ್ಟೇ: ಮೋ-ಡ-ಕೆ ನಾಲ್ಕು, ಮಾ-ತಿಲ್ ನಾಲ್ಕು, ‘ಲ’ ಒಂದು. ಅಕ್ಷರದ ಲೆಕ್ಕ ಬೇರೆ ಬೇರೆ, ಮಾತ್ರೆ ಎರಡರಲ್ಲೂ 9. ಆಮೇಲೆ ಮೂರು ಮಾತ್ರೆ ಉಸಿರಿಗೆ ಬಿಟ್ಟರೆ ಸಾಲು 12ಕ್ಕೆ, ಏಳು ಬಿಟ್ಟರೆ 16ಕ್ಕೆ ಮುಗಿಯುತ್ತದೆ.

ಈಗ ಮೂರನೇ ಸಾಲಿಗೆ ‘ಬಸ್ಸು ಬರುವ ಹೊತ್ತಾಯ್ತು’ ಎಂದು ಬರೆದಿರಿ ಅಂದುಕೊಳ್ಳಿ. ನಾಲ್ಕರಂತೆ ಕತ್ತರಿಸಿದರೆ ‘ಬಸ್ಸುಬ - ರುವಹೊತ್ - ತಾಯ್ತು’. ಲೆಕ್ಕವೇನೋ ಹತ್ತಿರಕ್ಕೆ ಬಂತು, ಆದರೆ ಪೆಟ್ಟು ಬಿದ್ದದ್ದು ‘ರು’ ಮೇಲೆ, ಪದದ ನಡುವೆ. ಕೇಳುವವರಿಗೆ ಅಲ್ಲಿ ಪದ ಮುರಿದಂತೆ ಕೇಳುತ್ತದೆ. ‘ಬಸ್ಸು’, ‘ಬರುವ’ ಎರಡೂ ಮೂರು ಮಾತ್ರೆಯ ಪದಗಳು. ಅವು ಮೂರರ ನಡೆಯ ಹಾಡಿಗೆ ಸೇರಿದವು. ನಾಲ್ಕರ ನಡೆಗೆ ‘ಸಂಜೆಯ ಬಸ್ಸಿಲ್ಲ’ ಎಂದು ಬದಲಿಸಿ: ಸಂ-ಜೆ-ಯ ನಾಲ್ಕು, ಬಸ್-ಸಿಲ್ ನಾಲ್ಕು, ‘ಲ’ ಒಂದು. ಬೀಟ್ ಬೀಳುವ ಕಡೆ ಪದ ಶುರುವಾದರೆ ಅರ್ಧ ಕೆಲಸ ಮುಗಿದಂತೆ.

ಪೆನ್ನು ಹಿಡಿದು ಪ್ರತಿ ಸಾಲಿನ ಮೇಲೂ ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಗುರುತು ಹಾಕಿ. ಮೂರು ಚರಣಕ್ಕೆ ಅರ್ಧ ಗಂಟೆ ಸಾಕು. ಮಾಡದೇ ಬಿಟ್ಟವರು ಅದಕ್ಕೇ ಸ್ಟುಡಿಯೋದಲ್ಲಿ ಎರಡು ಗಂಟೆ ಬಾಡಿಗೆ ಕಟ್ಟುತ್ತಾರೆ.

ಎಳೆದು ಹಾಡಿದರೆ ಪದದ ಅರ್ಥವೇ ಬದಲಾಗುತ್ತಿದೆ. ಏನು ಮಾಡುವುದು?

ಕನ್ನಡದಲ್ಲಿ ಸ್ವರದ ಉದ್ದಕ್ಕೆ ಅರ್ಥ ಅಂಟಿಕೊಂಡಿದೆ. ‘ಕರು’ವನ್ನು ಎಳೆದರೆ ‘ಕಾರು’, ‘ಮನೆ’ಯನ್ನು ಎಳೆದರೆ ಏನೂ ಅಲ್ಲ. ಟ್ಯೂನಿನ ಉದ್ದನೆಯ ಸ್ವರ ದೀರ್ಘಾಕ್ಷರದ ಮೇಲೋ ಪದದ ಕೊನೆಯ ಅಕ್ಷರದ ಮೇಲೋ ಬರುವಂತೆ ನೋಡಿಕೊಳ್ಳಿ. ಪದದ ಮೊದಲ ಹ್ರಸ್ವವನ್ನಂತೂ ಎಳೆಯಬೇಡಿ.

ಇನ್ನೊಂದು ಗುಟ್ಟು: ನಮ್ಮ ಪದಗಳಲ್ಲಿ ಬಹಳಷ್ಟು ‘ಉ’ಕಾರದಲ್ಲಿ ಮುಗಿಯುತ್ತವೆ. ನೀರು, ಊರು, ಬಂತು, ಹೋಯ್ತು. ಮೇಲಿನ ಸ್ಥಾಯಿಯಲ್ಲಿ ‘ಉ’ ಮತ್ತು ‘ಇ’ ಹಿಡಿಯುವುದು ಕಷ್ಟ, ಬಾಯಿ ತೆರೆಯುವುದಿಲ್ಲ, ದನಿ ಹಿಂಡಿದಂತಾಗುತ್ತದೆ. ಹಾಡಿನ ಅತಿ ಎತ್ತರದ ಸ್ವರಕ್ಕೆ ‘ಆ’, ‘ಓ’, ‘ಏ’ ಇರುವ ಪದ ಹುಡುಕಿ.

ಉಚ್ಚಾರಣೆಯನ್ನೂ ಈಗಲೇ ನೋಡಿ. ಬಳೆ ಬಲೆಯಾಗುವುದು, ಹಳ್ಳಿ ಹಲ್ಲಿಯಾಗುವುದು, ಹಕ್ಕಿ ಅಕ್ಕಿಯಾಗುವುದು ಮೈಕಿನಲ್ಲಿ ಎರಡು ಪಟ್ಟು ಎದ್ದು ಕೇಳುತ್ತದೆ. ಸಾಹಿತ್ಯ ಓದದ ಯಾರಿಗಾದರೂ ಹಾಡು ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿ. ಅವರು ತಪ್ಪು ಬರೆದ ಪದವೇ ತಿದ್ದಬೇಕಾದ ಪದ.

ಮನೇಲಿ ತೆಲುಗು, ಬೀದೀಲಿ ಕನ್ನಡ. ನಮ್ಮ ಕಡೆ ಮಾತಲ್ಲೇ ಬರೆದರೆ ನಗ್ತಾರಾ?

ಈ ಸೀಮೆಯಲ್ಲಿ ಅದು ಹೊಸದೇನಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರ ತತ್ವಪದಗಳು ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಭಜನೆ ಮನೆಗಳಲ್ಲಿ ಎರಡನ್ನೂ ಹಾಡುತ್ತಾರೆ. ಮುಳಬಾಗಿಲಿನ ಶ್ರೀಪಾದರಾಜರು 15ನೇ ಶತಮಾನದಲ್ಲೇ ಜನರ ಕನ್ನಡದಲ್ಲಿ ಕೀರ್ತನೆ ಕಟ್ಟಿದವರು.

ನಗು ಬರುವುದು ಬೆರಕೆಗಲ್ಲ, ಅಡ್ಡಾದಿಡ್ಡಿಗೆ. ಪಲ್ಲವಿಯಲ್ಲಿ ‘ಬತ್ತೀನಿ’, ಚರಣದಲ್ಲಿ ‘ಬರುವೆನು’ ಇದ್ದರೆ ಹಾಡುತ್ತಿರುವುದು ಇಬ್ಬರೇನೋ ಅನಿಸುತ್ತದೆ. ಒಂದು ದನಿ ಆರಿಸಿ, ಕೊನೆವರೆಗೂ ಅದನ್ನೇ ಇಟ್ಟುಕೊಳ್ಳಿ. ಆಡುಮಾತಿನಲ್ಲಿ ಬರೆದರೆ ‘ಹ’ಕಾರ ಬಿಡುವುದೂ ಆ ಪಾತ್ರದ ಮಾತೇ ಆಗುತ್ತದೆ, ತಪ್ಪಾಗುವುದಿಲ್ಲ. ಗ್ರಾಂಥಿಕದಲ್ಲಿ ಬರೆದು ‘ಹ’ ಬಿಟ್ಟರೆ ತಪ್ಪು.

ಹಾಡು ಎಷ್ಟು ನಿಮಿಷ ಇರಬೇಕು?

ಮೂರೂವರೆ, ನಾಲ್ಕು ನಿಮಿಷದೊಳಗೆ. ಲೆಕ್ಕ ಹಾಕಿಯೇ ಶುರುಮಾಡಿ. ನಿಮಿಷಕ್ಕೆ 90 ಬೀಟಿನ ಹಾಡಿನಲ್ಲಿ ನಾಲ್ಕು ಬೀಟಿನ ಒಂದು ಬಾರ್ ಸುಮಾರು 2.67 ಸೆಕೆಂಡ್. ಮುನ್ನುಡಿ ವಾದ್ಯ 4 ಬಾರ್, ಪಲ್ಲವಿ ಎರಡು ಸಲ 16, ನಡುವಿನ ವಾದ್ಯ 8, ಚರಣ 16, ಪಲ್ಲವಿ 8, ಮತ್ತೆ ವಾದ್ಯ 8, ಎರಡನೇ ಚರಣ 16, ಪಲ್ಲವಿ ಎರಡು ಸಲ 16, ಮುಕ್ತಾಯ 4. ಕೂಡಿದರೆ 96 ಬಾರ್, ಅಂದರೆ 4 ನಿಮಿಷ 16 ಸೆಕೆಂಡ್. ಮೊದಲ ಪಲ್ಲವಿಯನ್ನು ಒಂದೇ ಸಲ ಹಾಡಿ, ಎರಡನೇ ವಾದ್ಯಭಾಗವನ್ನು ಅರ್ಧಕ್ಕೆ ಇಳಿಸಿದರೆ 84 ಬಾರ್, 3 ನಿಮಿಷ 44 ಸೆಕೆಂಡ್. ಈ ಕತ್ತರಿ ಕಾಗದದ ಮೇಲೆ ಬಿಟ್ಟಿಯಾಗಿ ಬೀಳುತ್ತದೆ, ರೆಕಾರ್ಡಿಂಗ್ ಆದಮೇಲೆ ಜಗಳವಾಗಿ ಬೀಳುತ್ತದೆ.

ನನ್ನ ಶ್ರುತಿ ಯಾವುದು ಅಂತ ಹೇಗೆ ತಿಳಿಯೋದು?

ಕೀಬೋರ್ಡ್ ಅಥವಾ ಫೋನಿನ ಟ್ಯೂನರ್ ಆ್ಯಪ್ ಇಟ್ಟುಕೊಂಡು ಹಾಡಿನ ಅತಿ ತಗ್ಗಿನ ಸ್ವರ, ಅತಿ ಎತ್ತರದ ಸ್ವರ ಗುರುತಿಸಿ. ಎತ್ತರದ ಸ್ವರವನ್ನು ಸತತ ಐದು ಸಲ, ಕತ್ತು ಬಿಗಿಯದೆ, ಪದ ಸಮೇತ ಹಾಡಲು ಬರಬೇಕು. ಬರದಿದ್ದರೆ ಇಡೀ ಹಾಡನ್ನು ಅರ್ಧ ಮನೆ, ಒಂದು ಮನೆ ಇಳಿಸಿ. ಗಂಡಸರಲ್ಲಿ ಬಹಳ ಜನ ಬಿಳಿ ಒಂದರಿಂದ (ಹಾರ್ಮೋನಿಯಂನ ಮೊದಲ ಬಿಳಿ ಮನೆ, ಅಂದರೆ ಸಿ) ಬಿಳಿ ಎರಡರ ನಡುವೆ, ಹೆಂಗಸರಲ್ಲಿ ಬಿಳಿ ಐದು, ಆರರ ಆಸುಪಾಸು ಹಾಡುತ್ತಾರೆ. ಇದು ಶುರುಮಾಡುವ ಜಾಗ ಅಷ್ಟೇ, ನಿಯಮವಲ್ಲ. ಗೆಳೆಯನಿಗೆ ಗಿಟಾರಿನಲ್ಲಿ ಸುಲಭ ಎಂಬ ಕಾರಣಕ್ಕೆ ಶ್ರುತಿ ಆರಿಸಬೇಡಿ. ಅವನು ಕ್ಯಾಪೊ (ತಂತಿ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು) ಹಾಕಿಕೊಳ್ಳಲಿ.

ಕಾರ್ಡ್ಸ್ ಗೊತ್ತಿಲ್ಲ. ಕರ್ನಾಟಕ ಸಂಗೀತ ಸ್ವಲ್ಪ ಬರುತ್ತೆ. ಸಾಕಾಗುತ್ತಾ?

ಸಾಕು. ತಂಬೂರಿ ಶ್ರುತಿ, ಒಂದು ತಾಳವಾದ್ಯ, ಒಂದು ಕೊಳಲೋ ಪಿಟೀಲೋ ಇದ್ದರೆ ಹಾಡು ನಿಲ್ಲುತ್ತದೆ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಾಕಲೇಬೇಕೆಂದರೆ ರಾಗ ಕೆಡದಂತೆ ನೋಡಿ. ಮೋಹನದಲ್ಲಿ ಸ ರಿ ಗ ಪ ದ ಮಾತ್ರ. ಬಿಳಿ ಒಂದು ಶ್ರುತಿಯಲ್ಲಿ ಸಿ ಮೇಜರ್, ಎ ಮೈನರ್ ಎರಡೂ ಪೂರ್ತಿ ಆ ಸ್ವರಗಳೊಳಗೇ ಇವೆ. ಎಫ್ ಮೇಜರ್ ಹಿಡಿದ ಕೂಡಲೇ ಮಧ್ಯಮ ನುಗ್ಗುತ್ತದೆ, ಜಿ ಮೇಜರಿನಲ್ಲಿ ನಿಷಾದ ಬರುತ್ತದೆ. ಕೆಲವೊಮ್ಮೆ ಅದೇ ಚೆಂದ. ಆದರೆ ತಿಳಿದು ಮಾಡಿ.

ಫೋನಿನಲ್ಲೇ ರೆಕಾರ್ಡ್ ಮಾಡಬಹುದಾ?

ಡೆಮೊಗೆ ಖಂಡಿತ. ಬಿಡುಗಡೆಗೂ ಮಾಡಬಹುದು, ಕೋಣೆ ಚೆನ್ನಾಗಿದ್ದರೆ. ಬ್ಯಾಂಡ್‌ಲ್ಯಾಬ್ ಫೋನಿನಲ್ಲೇ ಹಲವು ಟ್ರ್ಯಾಕ್ ಕೊಡುತ್ತದೆ, ಉಚಿತ. ಐಫೋನಿನಲ್ಲಿ ಗ್ಯಾರೇಜ್‌ಬ್ಯಾಂಡ್ ಇದೆ. ಕಂಪ್ಯೂಟರ್ ಇದ್ದರೆ ಆಡಾಸಿಟಿ ಉಚಿತ. ರೀಪರ್ 60 ದಿನ ಉಚಿತವಾಗಿ ಬಳಸಿ ನೋಡಬಹುದು. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ತಿಂಗಳುಗಟ್ಟಲೆ ವಿಡಿಯೋ ನೋಡುವುದು ಹಾಡು ಬರೆಯದಿರಲು ನೆಪ.

ಸೆಟ್ಟಿಂಗ್: 48 ಕಿಲೋಹರ್ಟ್ಜ್, 24 ಬಿಟ್, ವೇವ್ ಫೈಲ್. ಮಾನೋ ಟ್ರ್ಯಾಕ್ ಒಂದು ನಿಮಿಷಕ್ಕೆ ಸುಮಾರು 8.6 ಎಂಬಿ ತಿನ್ನುತ್ತದೆ. ನಾಲ್ಕು ನಿಮಿಷದ ಹಾಡಿಗೆ ಹತ್ತು ಟೇಕ್ (ಹತ್ತು ಸಲ ಹಾಡಿದ್ದು) ಎಂದರೆ 350 ಎಂಬಿ. ಜಾಗ ಮೊದಲೇ ಖಾಲಿ ಮಾಡಿಕೊಳ್ಳಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಗಾಯನದ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಆಡಿಯೋ ಆಗಿ ಕಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಡ್ರೈವಿಗೆ ಹಾಕಿ.

ಯಾವ ಮೈಕ್ ತಗೊಳ್ಳಲಿ?

ಕೋಣೆಗೆ ತಕ್ಕ ಮೈಕ್. ಕಂಡೆನ್ಸರ್ ಮೈಕ್ ಸೂಕ್ಷ್ಮ. ನಿಮ್ಮ ದನಿಯ ಜೊತೆಗೆ ಪಕ್ಕದ ಮನೆಯ ಕುಕ್ಕರ್ ಕೂಗನ್ನೂ ಹಿಡಿಯುತ್ತದೆ. ಅದಕ್ಕೆ ಆಡಿಯೋ ಇಂಟರ್‌ಫೇಸಿನಿಂದ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ವೇದಿಕೆಯಲ್ಲಿ ಬಳಸುವಂಥ ಡೈನಾಮಿಕ್ ಮೈಕಿಗೆ ಆ ಪವರ್ ಬೇಕಿಲ್ಲ. ಬಾಯಿಗೆ ಹತ್ತಿರ ಹಿಡಿದು ಹಾಡಿದರೆ ಕೋಣೆಯ ಸದ್ದು ಕಡಿಮೆ ಬರುತ್ತದೆ. ತಗಡಿನ ಮಾಡು, ರಸ್ತೆ ಪಕ್ಕದ ಮನೆ ಇದ್ದವರಿಗೆ ಡೈನಾಮಿಕ್ಕೇ ವಾಸಿ. ದುಡ್ಡು ಕಮ್ಮಿ ಇದ್ದರೆ ಮೈಕಿಗಿಂತ ಮೊದಲು ಒಳ್ಳೆಯ, ಕಿವಿ ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್ ತಗೊಳ್ಳಿ.

ಕಂಡೆನ್ಸರಿನಿಂದ ಬಾಯಿಗೆ ಒಂದು ಗೇಣು ದೂರ. ನಡುವೆ, ಮೈಕಿನಿಂದ ನಾಲ್ಕು ಬೆರಳು ಮುಂದೆ ಪಾಪ್ ಫಿಲ್ಟರ್. ಕಸೂತಿ ಹಾಕುವ ರಿಂಗಿಗೆ ತೆಳುವಾದ ನೈಲಾನ್ ಕಾಲುಚೀಲ ಬಿಗಿದು ಕಟ್ಟಿದರೆ ಅದೇ ಪಾಪ್ ಫಿಲ್ಟರ್. ‘ಪ’, ‘ಬ’, ‘ಭ’ ಬಂದಾಗ ‘ಬುಸ್’ ಎನ್ನುವುದು ನಿಲ್ಲದಿದ್ದರೆ ಮೈಕನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಉಸಿರು ನೇರ ತಾಗದಿರಲಿ. ಅತಿ ಜೋರಾಗಿ ಹಾಡುವ ಸಾಲಿನಲ್ಲೂ ಮೀಟರ್ ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ನಿಲ್ಲುವಂತೆ ಗೇನ್ (ಮೈಕಿನ ದನಿ ಏರಿಸಿ ಇಳಿಸುವ ಗುಂಡಿ) ಇಡಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡುವುದಿಲ್ಲ. ಮೆತ್ತಗೆ ಬಂದಿದ್ದನ್ನು ಎತ್ತಬಹುದು.

ಮನೆಯಲ್ಲಿ ಎಲ್ಲಿ, ಯಾವ ಹೊತ್ತಿನಲ್ಲಿ ಹಾಡಬೇಕು?

ಚಪ್ಪಾಳೆ ತಟ್ಟಿ ನೋಡಿ. ‘ಟಣ್’ ಎಂದು ಬಾಲ ಎಳೆದರೆ ಆ ಕೋಣೆ ಬೇಡ. ಬರೀ ಗೋಡೆ, ಟೈಲ್ಸ್ ನೆಲ, ಮೂಲೆ ಮೂರೂ ಶತ್ರುಗಳು. ಬಟ್ಟೆ ತುಂಬಿದ ಬೀರು ಇರುವ, ಹಾಸಿಗೆ ಇರುವ ಕೋಣೆ ವಾಸಿ. ನಿಮ್ಮ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ದಪ್ಪ ಕಂಬಳಿ ಇಳಿಬಿಡಿ. ಬೆನ್ನ ಹಿಂದೆಯೇ ಏಕೆಂದರೆ ಮೈಕ್ ನೋಡುತ್ತಿರುವುದು ಆ ಕಡೆ; ಅಲ್ಲಿಂದ ತಿರುಗಿ ಬಂದ ಸದ್ದೇ ನೇರ ಒಳಗೆ ಹೋಗುತ್ತದೆ. ಕಾಲ ಕೆಳಗೆ ಜಮಖಾನ. ಮೊಟ್ಟೆ ಟ್ರೇ ಅಂಟಿಸುವುದರಿಂದ ಗೋಡೆ ಗಲೀಜಾಗುತ್ತದೆ, ಅಷ್ಟೇ.

ಹೊತ್ತು ಆರಿಸುವುದು ಊರಿನ ಮೇಲೆ. ಹಳ್ಳಿಯಲ್ಲಿ ತ್ರೀಫೇಸ್ ಕರೆಂಟ್ ಬಿಟ್ಟ ಹೊತ್ತಿಗೆ ಬೋರ್‌ವೆಲ್ ಮೋಟರ್ ಶುರು. ಆ ವೇಳಾಪಟ್ಟಿ ಮೊದಲು ತಿಳಿದುಕೊಳ್ಳಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳ ಪಕ್ಕದಲ್ಲಿದ್ದರೆ ಮೆಷಿನ್ ನಿಂತ ಮೇಲೆ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿರ್ಬಂಧವಿದೆ, ಹಾಗಾಗಿ ಜಾತ್ರೆಯ ಕಾಲದಲ್ಲೂ 10ರ ನಂತರ ಅವಕಾಶ ಸಿಗಬಹುದು (ನಾಯಿಗಳಿಗೆ ಆ ನಿಯಮ ಗೊತ್ತಿಲ್ಲ). ಎದ್ದ ತಕ್ಷಣ ಗಂಟಲು ಬಿಗಿದಿರುತ್ತದೆ, ಬೆಳಗ್ಗೆ ಹಾಡುವುದಾದರೆ ಎದ್ದು ಎರಡು ಗಂಟೆಯಾದರೂ ಆಗಿರಲಿ. ಫ್ಯಾನ್ ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು ಬೈಕಿನ ಕೀಯನ್ನು ಫ್ರಿಜ್ಜಿನ ಮೇಲಿಡಿ. ಹೊರಡುವಾಗ ಕೀ ಹುಡುಕುತ್ತ ಪ್ಲಗ್ ನೆನಪಾಗುತ್ತದೆ.

‘ಗುಂ’ ಎಂಬ ಒಂದೇ ಸಮನೆ ಸದ್ದು ಬಂದರೆ ಅದು 50 ಹರ್ಟ್ಜ್ ಕರೆಂಟಿನದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಹೋದರೆ ಅರ್ಥಿಂಗ್ ತೊಂದರೆ. ಬ್ಯಾಟರಿಯಲ್ಲಿ ಹಾಡಿ ಮುಗಿಸಿ. ಹೇಗೂ ಕರೆಂಟ್ ಹೋಗುವ ಊರಾದರೆ ಪ್ರತಿ ಟೇಕಿಗೂ ಸೇವ್ ಒತ್ತುವ ಅಭ್ಯಾಸ ಇರಲಿ.

ಟ್ರ್ಯಾಕ್ ಕೇಳಿಕೊಂಡು ಹಾಡಿದರೂ ನನ್ನ ದನಿ ಹಿಂದೆ ಬೀಳುತ್ತಿದೆ. ತಾಳ ತಪ್ಪುತ್ತಿದ್ದೇನಾ?

ಬ್ಲೂಟೂತ್ ಇಯರ್‌ಫೋನ್ ಹಾಕಿದ್ದೀರಿ. ಅದರಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರುವುದು ಮಾಮೂಲು. 90ರ ವೇಗದಲ್ಲಿ ಒಂದು ಬೀಟೇ 667 ಮಿಲಿಸೆಕೆಂಡ್, ಅಂದರೆ ಹೆಚ್ಚುಕಮ್ಮಿ ಮೂರನೇ ಒಂದು ಬೀಟ್ ಹಿಂದೆ. ತಂತಿಯದ್ದು ಹಾಕಿ. ಇಂಟರ್‌ಫೇಸ್ ಇದ್ದರೆ ಹಾಡುವಾಗ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ಬಫರ್ (ಕಡಿಮೆ ಇದ್ದಷ್ಟೂ ತಡ ಕಡಿಮೆ) 128ಕ್ಕೆ ಇಳಿಸಿ, ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ. ಆಗಲೂ ತಡವಾದರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ, ದನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಕಿವಿಗೆ ಬರುತ್ತದೆ.

ತಮಟೆ ರೆಕಾರ್ಡ್ ಮಾಡಿದರೆ ಡಬ್ಬಿ ಬಡಿದಂತೆ ಕೇಳುತ್ತದೆ.

ಹತ್ತಿರ ಮೈಕ್ ಇಟ್ಟಿರುತ್ತೀರಿ, ಅದೂ ಸಣ್ಣ ಕೋಣೆಯಲ್ಲಿ. ತಮಟೆಯ ಪೆಟ್ಟು ಎಷ್ಟು ಚುರುಕೆಂದರೆ ಮೀಟರ್ ತೋರಿಸುವ ಮುಂಚೆಯೇ ದನಿ ಒಡೆದಿರುತ್ತದೆ. ಬಯಲಿಗೆ, ಇಲ್ಲವೇ ದೊಡ್ಡ ಅಂಗಳಕ್ಕೆ ಬನ್ನಿ. ಮೈಕನ್ನು ಐದಾರು ಅಡಿ ದೂರ, ನುಡಿಸುವವರ ಎದೆಮಟ್ಟಕ್ಕೆ ಇಡಿ. ಮೈಕಿನಲ್ಲಿ ಪ್ಯಾಡ್ ಸ್ವಿಚ್ (ಜೋರು ಸದ್ದನ್ನು ತಗ್ಗಿಸುವ ಗುಂಡಿ) ಇದ್ದರೆ ಹಾಕಿ. ಗೇನ್ ಸೆಟ್ ಮಾಡುವಾಗ ಮೆಲ್ಲಗೆ ತಟ್ಟಿ ತೋರಿಸುತ್ತಾರೆ, ಟೇಕಿನಲ್ಲಿ ಹುಮ್ಮಸ್ಸು ಬಂದು ಎರಡು ಪಟ್ಟು ಬಾರಿಸುತ್ತಾರೆ; ಅದಕ್ಕಾಗಿ ಇನ್ನೂ 6 ಡಿಬಿ ಕಡಿಮೆ ಇಟ್ಟಿರಿ.

ಚರ್ಮ ತಣ್ಣಗಾದರೆ, ತೇವ ಹಿಡಿದರೆ ಸಡಿಲವಾಗಿ ದನಿ ಇಳಿಯುತ್ತದೆ. ಬೆಂಕಿಗೆ ಕಾಯಿಸಿ ಬಿಗಿ ಮಾಡಿಕೊಳ್ಳುವುದು ಅದಕ್ಕೇ. ಹಾಗಾಗಿ ಕಾಯಿಸಿದ ತಕ್ಷಣದ್ದು ಒಂದು ದನಿ, ಅರ್ಧ ಗಂಟೆ ಬಿಟ್ಟದ್ದು ಇನ್ನೊಂದು. ಒಂದೇ ಹಾಡಿನ ಟೇಕುಗಳ ನಡುವೆ ಮತ್ತೆ ಕಾಯಿಸಲು ಬಿಡುವು ಕೊಡಿ, ಇಲ್ಲದಿದ್ದರೆ ಪಲ್ಲವಿಯ ತಮಟೆ ಚರಣಕ್ಕೆ ಹೊಂದುವುದಿಲ್ಲ.

ಇನ್ನೊಂದು: ಬಹಳಷ್ಟು ತಮಟೆ ಗತ್ತುಗಳಲ್ಲಿ ಮೂರರ ನಡೆ ಇರುತ್ತದೆ. ಮೆಟ್ರೊನೋಮನ್ನು (ತಾಳಕ್ಕೆ ‘ಟಿಕ್ ಟಿಕ್’ ಎಂಬ ಕ್ಲಿಕ್ ಕೊಡುವುದು) 4/4ಕ್ಕೆ ಇಟ್ಟರೆ ನುಡಿಸುವವರು ನಾಲ್ಕು ಬಾರಿನೊಳಗೆ ಕ್ಲಿಕ್ ಬಿಟ್ಟು ತಮ್ಮ ದಾರಿ ಹಿಡಿಯುತ್ತಾರೆ. 6/8ಕ್ಕೆ ಇಡಿ. ಇನ್ನೂ ಒಳ್ಳೆಯದೆಂದರೆ ಕ್ಲಿಕ್ ಇಲ್ಲದೆ ತಮಟೆಯನ್ನೇ ಮೊದಲು ರೆಕಾರ್ಡ್ ಮಾಡಿ, ಉಳಿದವರು ಅದನ್ನು ಹಿಂಬಾಲಿಸಲಿ. ಅದನ್ನು ಕಂಪ್ಯೂಟರಿನಲ್ಲಿ ಗೀಟಿಗೆ ಕೂರಿಸಲು ಹೋಗಬೇಡಿ, ಜೀವ ಹೋಗುತ್ತದೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ವಾದ್ಯಕ್ಕೆ. ಊರಲ್ಲಿ ನುಡಿಸುವವರು ಇರುವಾಗ ಆ್ಯಪಿನ ಡ್ರಮ್ ಲೂಪ್ ಹುಡುಕುವುದು ಯಾಕೆ? ಕರೆಸಿದರೆ ಕೂಲಿ ಮುಂಚೆಯೇ ಮಾತಾಡಿ, ಹಾಡಿನ ವಿವರದಲ್ಲಿ ಹೆಸರು ಹಾಕಿ.

ಹಾರ್ಮೋನಿಯಂ ಜೊತೆ ಕೀಬೋರ್ಡ್ ಸೇರಿಸಿದರೆ ಅಪಸ್ವರ ಬರುತ್ತಿದೆ.

ಹಳೆಯ ಹಾರ್ಮೋನಿಯಂಗಳು 440 ಹರ್ಟ್ಜ್ ಅಳತೆಗೆ ಸರಿಯಾಗಿ ಇರುವುದು ಅಪರೂಪ. ಟ್ಯೂನರ್ ಆ್ಯಪಿನಲ್ಲಿ ನೋಡಿ. 20 ಸೆಂಟ್ (ಅರ್ಧ ಮನೆಯ ನೂರನೇ ಒಂದು ಪಾಲು ಒಂದು ಸೆಂಟ್) ಮೇಲಿದ್ದರೆ ಕೀಬೋರ್ಡಿನ ಟ್ಯೂನಿಂಗನ್ನು ಅಷ್ಟೇ ಮೇಲೆತ್ತಿ, ಗಿಟಾರನ್ನೂ ಅದಕ್ಕೇ ಶ್ರುತಿ ಮಾಡಿ. ಕೊಳಲು ನುಡಿಸುತ್ತ ಬಿಸಿಯಾದಂತೆ ಶ್ರುತಿ ಏರುತ್ತದೆ, ಹಾಗಾಗಿ ಹತ್ತು ನಿಮಿಷ ಊದಿ ಆಮೇಲೆ ಹೊಂದಿಸಿ.

ಎಷ್ಟು ಟೇಕ್ ಹಾಡಬೇಕು?

ಗಂಟಲು ಬಿಸಿ ಮಾಡಿಕೊಂಡ ಮೇಲೆ ಇಡೀ ಹಾಡು ನಾಲ್ಕೈದು ಸಲ. ಆಮೇಲೆ ಪ್ರಿಂಟ್ ಮಾಡಿದ ಸಾಹಿತ್ಯದ ಪಕ್ಕ ಯಾವ ಸಾಲು ಯಾವ ಟೇಕಿನಲ್ಲಿ ಚೆನ್ನಾಗಿದೆ ಎಂದು ಗುರುತು ಹಾಕಿ, ಜೋಡಿಸಿ. ಒಂದೊಂದೇ ಸಾಲು ಇಪ್ಪತ್ತು ಸಲ ಹಾಡಿದರೆ ಸಾಲು ಶುದ್ಧ, ಹಾಡು ಸತ್ತಂತೆ. ಎಂಟನೇ ಟೇಕಿನ ನಂತರ ಹೆಚ್ಚಿನವರಿಗೆ ಇಳಿಮುಖವೇ. ಉಸಿರಿನ ಸದ್ದನ್ನು ಪೂರ್ತಿ ಅಳಿಸಬೇಡಿ.

ಆಟೋಟ್ಯೂನ್ ಹಾಕಿದರೆ ಗಮಕ ಮುರಿಯುತ್ತಿದೆ.

ಅದರ ಕೆಲಸವೇ ಅದು. ದನಿಯನ್ನು ಹತ್ತಿರದ ಸ್ವರಕ್ಕೆ ಎಳೆದು ಕಟ್ಟುತ್ತದೆ. ಗಮಕವೋ ಸ್ವರಗಳ ನಡುವೆ ಓಡಾಡುವಂಥದ್ದು. ವೇಗ ಜಾಸ್ತಿ ಇಟ್ಟರೆ ಜಾರು ಮೆಟ್ಟಿಲಾಗುತ್ತದೆ. ಇಡೀ ಹಾಡಿಗೆ ಹಾಕದೆ, ಉದ್ದವಾಗಿ ನಿಂತ ಸ್ವರಗಳಿಗೆ ಮಾತ್ರ ಕೈಯಾರೆ, ನಿಧಾನದ ಸೆಟ್ಟಿಂಗಿನಲ್ಲಿ ಹಾಕಿ. ಐದಾರು ಕಡೆಗಿಂತ ಹೆಚ್ಚು ಬೇಕಾದರೆ ಮತ್ತೆ ಹಾಡುವುದು ಬೇಗ ಮುಗಿಯುತ್ತದೆ.

ಮಿಕ್ಸಿಂಗಿಗೆ ಕನಿಷ್ಠ ಏನು ಗೊತ್ತಿರಬೇಕು?

ಮೊದಲು ಬರೀ ಫೇಡರ್ (ಒಂದೊಂದು ಟ್ರ್ಯಾಕಿನ ಸದ್ದು ಏರಿಸಿ ಇಳಿಸುವ ಪಟ್ಟಿ). ದನಿಯನ್ನು ಮುಂದಿಟ್ಟು ಒಂದೊಂದೇ ವಾದ್ಯ ಸೇರಿಸಿ. ಪದ ಮುಚ್ಚಿಹೋದ ಕೂಡಲೇ ಆ ವಾದ್ಯವನ್ನು ಇಳಿಸಿ. ದನಿಯಲ್ಲಿ 80ರಿಂದ 100 ಹರ್ಟ್ಜ್ ಕೆಳಗಿನದ್ದನ್ನು ಕತ್ತರಿಸಿ. ಮಬ್ಬಾಗಿದ್ದರೆ 250-400 ಹರ್ಟ್ಜ್ ಸುತ್ತ 2-3 ಡಿಬಿ ತಗ್ಗಿಸಿ. ಕಂಪ್ರೆಸರ್ (ಜೋರಾದ ಕಡೆ ದನಿ ತಗ್ಗಿಸುವುದು) 3:1ರಲ್ಲಿ, ಜೋರಿನ ಕಡೆ 4-6 ಡಿಬಿ ಇಳಿಯುವಷ್ಟು. ರಿವರ್ಬ್ ‘ಇದೆ’ ಎಂದು ಗೊತ್ತಾಗುವವರೆಗೆ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ. ದೇವಸ್ಥಾನದ ಮೈಕ್ ಸೆಟ್ಟಿನ ಎಕೋ ಕೇಳಿ ಬೆಳೆದ ಕಿವಿಗೆ ಇದು ಸಪ್ಪೆ ಅನಿಸುತ್ತದೆ, ತಾಳಿಕೊಳ್ಳಿ.

ಫೋನಿನ ಸ್ಪೀಕರ್, ಆಟೋದ ಸ್ಪೀಕರ್, ಮನೆಯ ಟಿವಿ ಮೂರರಲ್ಲೂ ಕೇಳಿ. ಫೋನಿನಲ್ಲಿ ಬೇಸ್ ಕೇಳಿಸುವುದಿಲ್ಲ ಎಂದು ಬೇಸ್ ಏರಿಸಬೇಡಿ, ಆ ಪುಟ್ಟ ಸ್ಪೀಕರಿಗೆ ಅದನ್ನು ನುಡಿಸಲು ಬರುವುದೇ ಇಲ್ಲ. ಕೊನೆಯ ಫೈಲ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಇಡೀ ಹಾಡು ಎಷ್ಟು ಜೋರು ಎಂಬ ಅಳತೆ), ಗರಿಷ್ಠ ಮಟ್ಟ ಮೈನಸ್ 1 ಡಿಬಿ. ಅದಕ್ಕಿಂತ ಜೋರು ಮಾಡಿದರೆ ಸ್ಪಾಟಿಫೈ, ಯೂಟ್ಯೂಬ್ ಎರಡೂ ತಾವೇ ಇಳಿಸುತ್ತವೆ.

ಸ್ಟುಡಿಯೋಗೆ ಹೋಗುವುದಾದರೆ?

ಬೆಂಗಳೂರಿಗೆ 60-70 ಕಿಲೋಮೀಟರ್ ಹೋಗಿ ಬರುವವರು ಮನೆಯಲ್ಲೇ ಪೂರ್ತಿ ಡೆಮೊ ಮಾಡಿಕೊಂಡು ಹೋಗಿ. ದೊಡ್ಡಕ್ಷರದಲ್ಲಿ ಸಾಹಿತ್ಯದ ಮೂರು ಪ್ರತಿ, ಬೀಟಿನ ವೇಗ, ಶ್ರುತಿ, ಪೆನ್‌ಡ್ರೈವಿನಲ್ಲಿ ಪ್ರತಿ ವಾದ್ಯದ ಬೇರೆ ಬೇರೆ ವೇವ್ ಫೈಲ್ (ಎಲ್ಲವೂ ಒಂದೇ ಬಿಂದುವಿನಿಂದ ಶುರುವಾಗಿರಬೇಕು) ಜೊತೆಗಿರಲಿ. ಹಣ ಕೊಡುವ ಮುಂಚೆ ಕೇಳಿ: ಗಂಟೆ ಲೆಕ್ಕವೋ ಕಾಲ್‌ಶೀಟೋ (ಇಷ್ಟು ಗಂಟೆಯ ಒಂದು ಪಾಳಿಯ ಲೆಕ್ಕ), ಮಿಕ್ಸಿಂಗ್ ಸೇರಿದೆಯೋ, ತಿದ್ದುಪಡಿ ಎಷ್ಟು ಸಲ, ಮೂಲ ಟ್ರ್ಯಾಕುಗಳನ್ನು ಕೊಡುತ್ತಾರೋ. ಕೊನೆಯದ್ದನ್ನು ಕೇಳಲು ಮರೆತವರು ಆರು ತಿಂಗಳ ಮೇಲೆ ಪೇಚಾಡುತ್ತಾರೆ.

ಯೂಟ್ಯೂಬಿನ ‘ಫ್ರೀ ಬೀಟ್’ (ಬೇರೆಯವರು ಮಾಡಿಟ್ಟ ವಾದ್ಯದ ಟ್ರ್ಯಾಕ್) ಮೇಲೆ ಹಾಡಬಹುದಾ?

ಹೆಚ್ಚಿನವುಗಳಲ್ಲಿ ಫ್ರೀ ಎಂದರೆ ದುಡ್ಡು ಮಾಡದಿದ್ದರೆ ಫ್ರೀ. ಸ್ಪಾಟಿಫೈಗೆ ಹಾಕಬೇಕಾದರೆ ಲೈಸೆನ್ಸ್ ಕೊಳ್ಳಬೇಕು, ರಸೀದಿ ಇಟ್ಟುಕೊಳ್ಳಬೇಕು. ಆಗಲೂ ಅದೇ ಬೀಟ್ ನೂರು ಜನರ ಬಳಿ ಇರುತ್ತದೆ. ಮೊದಲು ಕಂಟೆಂಟ್ ಐಡಿಗೆ (ಯಾರ ಆಡಿಯೋ ಎಂದು ಯೂಟ್ಯೂಬ್ ತಾನೇ ಗುರುತಿಸುವ ವ್ಯವಸ್ಥೆ) ಸೇರಿಸಿದವರಿಂದ ನಿಮ್ಮ ಹಾಡಿಗೆ ಕ್ಲೇಮ್ ಬರುತ್ತದೆ.

ಹಾಡಿನ ಹಕ್ಕು ಯಾರದು? ಕಾಪಿರೈಟ್ ಮಾಡಿಸಬೇಕಾ?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಂದು ಹಾಡಿನಲ್ಲಿ ಮೂರು ಸೊತ್ತು: ಸಾಹಿತ್ಯ, ಸಂಗೀತ, ಧ್ವನಿಮುದ್ರಣ. ಬರೆದವರು, ಟ್ಯೂನ್ ಹಾಕಿದವರು, ಮುದ್ರಣ ಮಾಡಿಸಿದವರು ಬೇರೆ ಬೇರೆ ಆಗಬಹುದು. ಕೃತಿ ಹುಟ್ಟಿದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ವ್ಯಾಜ್ಯ ಬಂದರೆ ಸಾಕ್ಷಿಯಾಗಿ ಉಪಯೋಗ. 2013ರ ನಿಯಮಗಳಲ್ಲಿ ಸಾಹಿತ್ಯಕ್ಕೆ, ಸಂಗೀತಕ್ಕೆ ತಲಾ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ ಶುಲ್ಕ. ಅರ್ಜಿ ಆನ್‌ಲೈನ್, ಡೈರಿ ನಂಬರ್ ಬಂದ ಮೇಲೆ ಆಕ್ಷೇಪಣೆಗೆ 30 ದಿನ ಕಾಯುತ್ತಾರೆ.

ನೋಂದಣಿಗಿಂತ ಮುಖ್ಯ ಗೆಳೆಯರ ನಡುವಿನ ಚೀಟಿ. ಯಾರು ಸಾಹಿತ್ಯ, ಯಾರು ಟ್ಯೂನ್, ಬಂದ ದುಡ್ಡಲ್ಲಿ ಯಾರಿಗೆ ಎಷ್ಟು ಪಾಲು ಎಂದು ಬರೆದು ಎಲ್ಲರೂ ಸಹಿ ಹಾಕಿ. ‘ಮಚ್ಚಾ, ಅದೆಲ್ಲ ಯಾಕೆ’ ಎನ್ನುವವನೇ ಹಾಡು ಓಡಿದ ಮೇಲೆ ಮೊದಲು ಫೋನ್ ಮಾಡುವವನು. 18 ತುಂಬದವರು ಮಾಡಿದ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ, ಅಪ್ಪ ಅಮ್ಮ ಅಥವಾ ಪೋಷಕರು ಸಹಿ ಮಾಡಬೇಕು. ಯಾವುದಾದರೂ ಆಡಿಯೋ ಕಂಪನಿ ‘ನಾವೇ ಬಿಡುಗಡೆ ಮಾಡ್ತೀವಿ’ ಎಂದು ಕಾಗದ ತಂದರೆ ಅವಧಿ ಎಷ್ಟು ವರ್ಷ ಎಂಬ ಸಾಲನ್ನು ಮೊದಲು ಹುಡುಕಿ.

ತತ್ವಪದಕ್ಕೋ ಕವಿತೆಗೋ ಹೊಸ ಟ್ಯೂನ್ ಹಾಕಬಹುದಾ?

ಸಾಹಿತ್ಯದ ಹಕ್ಕು ಬರೆದವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ. ಶ್ರೀಪಾದರಾಜರ, ಕೈವಾರ ತಾತಯ್ಯನವರ ಪದಗಳಿಗೆ ಯಾರ ಅಪ್ಪಣೆಯೂ ಬೇಡ. ಮುಳಬಾಗಿಲಿನವರೇ ಆದ ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಹಾಗಾಗಿ ಅವರ ಪದ್ಯಗಳಿಗೆ 2035ರ ಕೊನೆವರೆಗೆ ಅನುಮತಿ ಬೇಕು. ಹಳೆಯ ಪದವೇ ಆದರೂ ಬೇರೆಯವರು ರೆಕಾರ್ಡ್ ಮಾಡಿದ ಆಡಿಯೋ ತುಣುಕನ್ನು ಎತ್ತಿಕೊಳ್ಳುವಂತಿಲ್ಲ.

ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್ಕಿಗೆ ಹಾಕುವುದು ಹೇಗೆ? ದುಡ್ಡು ಬರುತ್ತಾ?

ನೇರವಾಗಿ ಆಗದು, ಡಿಸ್ಟ್ರಿಬ್ಯೂಟರ್ (ಹಾಡನ್ನು ಈ ಆ್ಯಪುಗಳಿಗೆ ತಲುಪಿಸುವ ಕಂಪನಿ) ಮೂಲಕ. ಅವರೇ ಹಾಡಿಗೆ 12 ಅಕ್ಷರದ ಐಎಸ್‌ಆರ್‌ಸಿ ಸಂಖ್ಯೆ (ಆ ಧ್ವನಿಮುದ್ರಣದ ಗುರುತಿನ ಸಂಖ್ಯೆ) ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಮುಖಚಿತ್ರ 3000 × 3000 ಪಿಕ್ಸೆಲ್, ಅದರ ಮೇಲೆ ಫೋನ್ ನಂಬರ್, ಇನ್‌ಸ್ಟಾ ಐಡಿ ಬೇಡ, ತಿರಸ್ಕರಿಸುತ್ತಾರೆ. ನಿಮ್ಮ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೇ ರೀತಿ ಇರಲಿ. ಒಮ್ಮೆ ಒಂದು ‘ಎ’, ಇನ್ನೊಮ್ಮೆ ಎರಡು ‘ಎ’ ಹಾಕಿದರೆ ಎರಡು ಕಲಾವಿದರ ಪುಟ ಹುಟ್ಟುತ್ತದೆ. ಮೂರು ನಾಲ್ಕು ವಾರ ಮುಂಚೆ ಕಳಿಸಿ. ಸ್ಪಾಟಿಫೈ ಪ್ಲೇಲಿಸ್ಟಿಗೆ ಕೋರಿಕೆ ಕಳಿಸಲು ಬಿಡುಗಡೆಗೆ ಕನಿಷ್ಠ 7 ದಿನ ಇರಬೇಕು.

ಮೊದಲ ಹಾಡಿನಿಂದ ದುಡ್ಡು ಎಣಿಸಬೇಡಿ. ಸ್ಪಾಟಿಫೈ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ರಾಯಲ್ಟಿ ಕೊಡುವುದಿಲ್ಲ. ಯೂಟ್ಯೂಬಿನ ಜಾಹೀರಾತು ಪಾಲಿಗೆ 1,000 ಚಂದಾದಾರರು, ಜೊತೆಗೆ ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು; ಶಾರ್ಟ್ಸ್ ಹಾಕುವವರಿಗೆ 90 ದಿನದಲ್ಲಿ 1 ಕೋಟಿ ವೀಕ್ಷಣೆ. ಸಾಹಿತಿ, ಸಂಗೀತಗಾರರ ರಾಯಲ್ಟಿಗೆ ಐಪಿಆರ್‌ಎಸ್ ಎಂಬ ಸಂಘವಿದೆ, ಎರಡು ಮೂರು ಹಾಡು ಬಿಡುಗಡೆಯಾದ ಮೇಲೆ ಸದಸ್ಯರಾಗುವುದನ್ನು ಯೋಚಿಸಿ.

ಜನರ ಮುಂದೆ ಹಾಡಲು ಇಲ್ಲೇ ಎಲ್ಲಾದರೂ ಜಾಗ ಇದೆಯಾ?

ಕಾಲೇಜು ವಾರ್ಷಿಕೋತ್ಸವ, ಊರ ಜಾತ್ರೆಯ ಆರ್ಕೆಸ್ಟ್ರಾ, ಗಣೇಶನ ಪೆಂಡಾಲು. ಕೋಲಾರದ ಅಂತರಗಂಗೆ ಬೆಟ್ಟದ ಮೇಲಿನ ತೇರಹಳ್ಳಿ ಬಳಿ ಆದಿಮ ಸಾಂಸ್ಕೃತಿಕ ಕೇಂದ್ರವಿದೆ. ಅವರು ನಡೆಸಿಕೊಂಡು ಬಂದ ‘ಹುಣ್ಣಿಮೆ ಹಾಡು’ ಸ್ವಂತ ಹಾಡು ಕೇಳುವ ಕಿವಿ ಇರುವ ಜಾಗ. ಜಾತ್ರೆಯಲ್ಲಿ ಹಾಡುವುದಾದರೆ ಗಾಯನವಿಲ್ಲದ ಟ್ರ್ಯಾಕನ್ನು ಎಂಪಿ3 ಆಗಿ ಪೆನ್‌ಡ್ರೈವಿನಲ್ಲೂ ಫೋನಿನಲ್ಲೂ ಇಟ್ಟುಕೊಳ್ಳಿ, ಫೋನಿನಿಂದ ಮಿಕ್ಸರಿಗೆ ಹೋಗುವ ವೈರು ನಿಮ್ಮದೇ ಇರಲಿ, ಮತ್ತು ಸೌಂಡ್ ಸಿಸ್ಟಂ ಅಣ್ಣನ ಹತ್ತಿರ ಹೋಗಿ ಎಕೋ ಪೂರ್ತಿ ತೆಗೆಯಲು ಮೊದಲೇ ಹೇಳಿ. ಎರಡು ಸಲ ಹೇಳಬೇಕಾಗುತ್ತದೆ.